ಹನ್ನೆರಡರ ಹುಡುಗಿಗೆ ಎಟಿವಿ ಆರಿಸಿದ ಬಗೆ: ಹೋಂಡಾ ಟಿಆರ್‌ಎಕ್ಸ್90ಎಕ್ಸ್ ಜೊತೆ ಒಂದು ವರ್ಷ

ಮಿಷಿಗನ್ನಿನ ಉತ್ತರ ಭಾಗದಲ್ಲಿ ನಮ್ಮ ಸ್ನೇಹಿತರ ಕುಟುಂಬಕ್ಕೆ ನಲವತ್ತು ಎಕರೆಯಷ್ಟು ಜಮೀನಿದೆ. ಅರ್ಧ ಹುಲ್ಲುಗಾವಲು, ಉಳಿದರ್ಧ ಪೈನ್ ಮರಗಳ ತೋಪು, ನಡುವೆ ಮರಳು ಮಿಶ್ರಿತ ಮಣ್ಣಿನ ದಾರಿ. ಅವರ ಮಕ್ಕಳು ಅಲ್ಲಿ ಎಟಿವಿ, ಅಂದರೆ ಮಣ್ಣುದಾರಿಗೆಂದೇ ಇರುವ ದಪ್ಪ ಟೈರುಗಳ ನಾಲ್ಕು ಚಕ್ರದ ತೆರೆದ ಗಾಡಿ, ಓಡಿಸುವುದನ್ನು ನೋಡಿದ ದಿನದಿಂದ ನಮ್ಮ ಮಗಳು ತನಗೂ ಒಂದು ಬೇಕೆಂದು ಕೇಳುತ್ತಲೇ ಇದ್ದಳು. ಹನ್ನೆರಡು ತುಂಬಲಿ, ಆಮೇಲೆ ನೋಡೋಣ ಎಂದು ಹೇಳಿ ಎರಡು ವರ್ಷ ದೂಡಿದ್ದೆವು. ಕಳೆದ ವರ್ಷ ಹನ್ನೆರಡು ತುಂಬಿತು, ಮಾತು ಕೊಟ್ಟಾಗಿತ್ತು. ಮೂರು ತಿಂಗಳು ಅಂಗಡಿಗಳನ್ನು ಸುತ್ತಿ, ನಾಲ್ಕೈದು ಗಾಡಿಗಳ ಮೇಲೆ ಅವಳನ್ನು ಕೂರಿಸಿ, ಕೊನೆಗೆ ಹೋಂಡಾ ಕಂಪನಿಯ ಟಿಆರ್‌ಎಕ್ಸ್90ಎಕ್ಸ್ ತೆಗೆದುಕೊಂಡೆವು. ಅದರ ಗುಣದೋಷಗಳನ್ನೂ, ಅದಕ್ಕಿಂತ ಹೆಚ್ಚಾಗಿ ಅದನ್ನೇ ಆರಿಸಿದ ಬಗೆಯನ್ನೂ, ಇದೇ ಯೋಚನೆಯಲ್ಲಿರುವ ತಂದೆತಾಯಿಯರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಹೋದ ಅಂಗಡಿಯ ಮಾರಾಟಗಾರರು ಮಗಳ ವಯಸ್ಸು ಕೇಳಿದರು, ಎತ್ತರ ಕೇಳಲಿಲ್ಲ. ನೇರವಾಗಿ ದೊಡ್ಡವರ ಗಾಡಿಯೊಂದರ ಬಳಿ ಕರೆದೊಯ್ದು, ಚಿಕ್ಕದು ಕೊಂಡರೆ ಎರಡೇ ವರ್ಷಕ್ಕೆ ಸಾಲದಾಗುತ್ತದೆ, ಇದನ್ನು ಕೊಂಡು ನಿಧಾನವಾಗಿ ಓಡಿಸಲು ಹೇಳಿ ಎಂದರು. ನಿಜ ಹೇಳಬೇಕೆಂದರೆ ಆ ಮಾತು ನನಗೆ ಒಂದು ಕ್ಷಣ ಸರಿಯೆನಿಸಿತು. ಸಕಲೇಶಪುರದಲ್ಲಿ ಜೂನ್ ತಿಂಗಳು ಬಂತೆಂದರೆ ನಮ್ಮ ತಾಯಿ ನಮ್ಮನ್ನು ದರ್ಜಿಯ ಮುಂದೆ ನಿಲ್ಲಿಸಿ, "ಬೆಳೆಯೋ ಮಕ್ಕಳು, ಎರಡು ಇಂಚು ಜಾಸ್ತಿ ಇಟ್ಟು ಮಡಚಿ ಹೊಲೀರಿ" ಎನ್ನುತ್ತಿದ್ದರು. ಚಪ್ಪಲಿ, ಸೈಕಲ್ಲು, ಕೊಡೆ, ಎಲ್ಲವೂ ಮುಂದಿನ ವರ್ಷದ ಅಳತೆಗೇ ಬರುತ್ತಿದ್ದವು. ಆ ಲೆಕ್ಕಾಚಾರ ನಮ್ಮ ರಕ್ತದಲ್ಲೇ ಇದೆ. ಆದರೆ ದೊಡ್ಡ ಅಂಗಿ ತೊಟ್ಟ ಹುಡುಗನಿಗೆ ಆಗುವ ತೊಂದರೆ ತೋಳು ಮಡಚಿಕೊಳ್ಳುವಷ್ಟೇ. ಬ್ರೇಕಿಗೆ ಬೆರಳು ಸರಿಯಾಗಿ ಎಟುಕದ, ಮೂವತ್ತನಾಲ್ಕು ಕೆ.ಜಿ. ತೂಕದ ಹುಡುಗಿಯ ಮೇಲೆ ಅವಳ ತೂಕದ ಏಳೆಂಟು ಪಟ್ಟು ಭಾರದ ಯಂತ್ರ ಮಗುಚಿ ಬಿದ್ದರೆ ಆಗುವುದು ಬೇರೆಯೇ. ಎಟಿವಿ ವಿಷಯದಲ್ಲಿ ಇಂದಿನ ಅಳತೆಗೆ ಇಂದಿನ ಗಾಡಿ ಎಂಬುದೊಂದೇ ಸರಿಯಾದ ಲೆಕ್ಕ ಎಂದು ನನಗೆ ಖಚಿತವಾದದ್ದು ಆ ಅಂಗಡಿಯಲ್ಲೇ, ಅವಳು ಆ ಸೀಟಿನ ಮೇಲೆ ಕುಳಿತು ಹ್ಯಾಂಡಲ್ ತಿರುಗಿಸಲು ಇಡೀ ಮೈಯನ್ನು ಒಂದು ಪಕ್ಕಕ್ಕೆ ಜಾರಿಸಿದಾಗ.

ಅಮೆರಿಕದಲ್ಲಿ ಮಾರಾಟವಾಗುವ ಪ್ರತಿ ಎಟಿವಿಯ ಮೇಲೂ ವಯಸ್ಸು ಸೂಚಿಸುವ ಎಚ್ಚರಿಕೆಯ ಸ್ಟಿಕ್ಕರ್ ಇರುತ್ತದೆ. ಅದರ ಹಿಂದೆ ಸಾಕಷ್ಟು ನೋವಿನ ಇತಿಹಾಸವಿದೆ. 1970ರಲ್ಲಿ ಹೋಂಡಾ ಇಲ್ಲಿಗೆ ತಂದ ಮೂರು ಚಕ್ರದ ಗಾಡಿ ಬಹಳ ಜನಪ್ರಿಯವಾಯಿತು, ಜೊತೆಗೇ ಸುಲಭವಾಗಿ ಮಗುಚಿಕೊಳ್ಳುವ ಅದರ ಸ್ವಭಾವದಿಂದ ಬಹಳ ಮಂದಿ ಗಾಯಗೊಂಡರು. ಸರ್ಕಾರ ಮತ್ತು ತಯಾರಕರ ನಡುವೆ 1988ರಲ್ಲಿ ಆದ ಒಪ್ಪಂದದಿಂದ ಹೊಸ ಮೂರು ಚಕ್ರದ ಗಾಡಿಗಳ ಮಾರಾಟ ನಿಂತಿತು. ಮಕ್ಕಳ ಗಾಡಿಗಳನ್ನು ಆಗ ಎಂಜಿನ್ನಿನ ಗಾತ್ರದ ಮೇಲೆ ವಿಂಗಡಿಸಲಾಗಿತ್ತು: 70 ಸಿಸಿಗಿಂತ ಕಡಿಮೆಯಾದರೆ ಆರು ವರ್ಷ ಮೇಲ್ಪಟ್ಟವರಿಗೆ, 70ರಿಂದ 90 ಸಿಸಿ ಹನ್ನೆರಡು ಮೇಲ್ಪಟ್ಟವರಿಗೆ, ಅದರಾಚೆಯದು ಹದಿನಾರು ಮೇಲ್ಪಟ್ಟವರಿಗೆ. 2008ರ ಗ್ರಾಹಕ ಉತ್ಪನ್ನ ಸುರಕ್ಷತಾ ಸುಧಾರಣಾ ಕಾಯ್ದೆಯ ನಂತರ ಈ ಕ್ರಮ ಬದಲಾಗಿ, ವಿಂಗಡಣೆ ವೇಗದ ಮೇಲೆ ನಿಂತಿತು. ಆರು ವರ್ಷದ ವರ್ಗದ ಗಾಡಿ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿ.ಮೀ. ದಾಟುವಂತಿಲ್ಲ. ಹತ್ತು ಮತ್ತು ಹನ್ನೆರಡು ವರ್ಷದ ವರ್ಗಗಳ ಗಾಡಿ 30 ಮೈಲಿ ದಾಟುವಂತಿಲ್ಲ, ಮೇಲಾಗಿ ವೇಗ ತಡೆಯುವ ವ್ಯವಸ್ಥೆಯನ್ನು 15 ಮೈಲಿಗೆ ಬಿಗಿ ಮಾಡಿಯೇ ಗ್ರಾಹಕರ ಕೈಗೆ ಕೊಡಬೇಕು. ಹದಿನಾಲ್ಕು ಮೇಲ್ಪಟ್ಟವರಿಗೆಂದು ಇರುವ ನಡುವಿನ ವರ್ಗಕ್ಕೆ 38 ಮೈಲಿಯ ಮಿತಿ. ಹಳೆಯ ಗಾಡಿ ಕೊಳ್ಳುವವರು ಇದನ್ನು ತಿಳಿದಿರಬೇಕು. ಇಂದು ಹತ್ತು ವರ್ಷದವರಿಗೆಂದು ಮಾರುವ ಹೋಂಡಾ 90ರ ಹಳೆಯ ಮಾದರಿಗಳ ಮೇಲೆ ಹನ್ನೆರಡು ಎಂಬ ಸ್ಟಿಕ್ಕರ್ ಕಂಡರೆ ಗೊಂದಲಪಡುವ ಕಾರಣವಿಲ್ಲ, ನಿಯಮ ಬದಲಾಗಿದೆ ಅಷ್ಟೆ.

ಅದೇ ಕಾಯ್ದೆ ಇನ್ನೊಂದು ವಿಚಿತ್ರ ಪರಿಸ್ಥಿತಿಯನ್ನೂ ತಂದಿತ್ತು. ಮಕ್ಕಳ ವಸ್ತುಗಳಲ್ಲಿ ಸೀಸದ ಅಂಶ ಮಿತಿ ಮೀರಕೂಡದೆಂಬ ನಿಯಮ ಮಕ್ಕಳ ಎಟಿವಿಗಳಿಗೂ ಅನ್ವಯಿಸಿ, ಟೈರಿನ ವಾಲ್ವ್, ಬ್ಯಾಟರಿಯ ತುದಿಗಳಂಥ ಬಿಡಿಭಾಗಗಳ ಕಾರಣಕ್ಕೆ 2009ರಲ್ಲಿ ಚಿಕ್ಕ ಗಾಡಿಗಳು ಅಂಗಡಿಗಳಿಂದಲೇ ಮರೆಯಾದವು. ಮಕ್ಕಳು ಬ್ಯಾಟರಿಯ ತುದಿಯನ್ನು ಬಾಯಿಗಿಡುವುದಿಲ್ಲ, ಆದರೆ ಚಿಕ್ಕ ಗಾಡಿ ಸಿಗದಿದ್ದರೆ ಅಪ್ಪನ ಗಾಡಿ ಹತ್ತುತ್ತಾರೆ ಎಂಬ ವಾದವನ್ನು ಸಂಸತ್ತು 2011ರಲ್ಲಿ ಒಪ್ಪಿ ವಿನಾಯಿತಿ ಕೊಟ್ಟಿತು. ಆ ವಾದದಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ.

ಸ್ಟಿಕ್ಕರ್ ಒಂದು ಮಾತು ಹೇಳಿದರೆ ರಾಜ್ಯದ ಕಾನೂನು ಇನ್ನೊಂದು ಹೇಳಬಹುದು. ನಮ್ಮ ಎಂಟು ವರ್ಷದ ಮಗನಿಗೆ ಇದರಿಂದಲೇ ದೊಡ್ಡ ನಿರಾಸೆಯಾಯಿತು. ಆರು ವರ್ಷದವರಿಗೆಂದೇ ತಯಾರಾದ ಪುಟ್ಟ ಗಾಡಿಗಳು ಅಂಗಡಿಯಲ್ಲಿ ಸಾಲಾಗಿ ನಿಂತಿರುತ್ತವೆ. ಆದರೆ ಮಿಷಿಗನ್ನಿನಲ್ಲಿ ಹತ್ತು ವರ್ಷದೊಳಗಿನವರು, ಖಾಸಗಿ ಜಮೀನಿನ ಕೃಷಿ ಕೆಲಸವೊಂದನ್ನು ಬಿಟ್ಟರೆ, ನಾಲ್ಕು ಚಕ್ರದ ಎಟಿವಿ ಓಡಿಸುವಂತಿಲ್ಲ. ಹತ್ತು ಮತ್ತು ಹನ್ನೊಂದರವರು ತಂದೆತಾಯಿಯ ಸ್ವಂತ ಜಮೀನಿನಲ್ಲಿ ಮಾತ್ರ ಓಡಿಸಬಹುದು. ಹನ್ನೆರಡರಿಂದ ಹದಿನೈದರವರೆಗಿನವರಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು, ಜೊತೆಗೆ ದೊಡ್ಡವರೊಬ್ಬರ ನೇರ ಕಣ್ಗಾವಲು ಬೇಕು. ಸ್ನೇಹಿತರ ಜಮೀನಿನಲ್ಲಿ ಓಡಿಸಬೇಕಾಗಿದ್ದ ನಮಗೆ ಹನ್ನೆರಡು ಎಂಬುದು ಕಾನೂನಿನ ದೃಷ್ಟಿಯಿಂದಲೂ ಸರಿಯಾದ ವಯಸ್ಸಾಗಿತ್ತು. ಪ್ರಮಾಣಪತ್ರದ ಪಾಠವನ್ನು ಮಗಳು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಮುಗಿಸಿದಳು. ಅಷ್ಟಕ್ಕೇ ಬಿಡದೆ ಎಟಿವಿ ಸೇಫ್ಟಿ ಇನ್‌ಸ್ಟಿಟ್ಯೂಟ್‌ನವರು ಮೈದಾನದಲ್ಲಿ ನಡೆಸುವ ತರಬೇತಿಗೂ ಕಳಿಸಿದೆವು. ಓದಿ ಉತ್ತರ ಬರೆಯುವುದಕ್ಕೂ ಇಳಿಜಾರಿನಲ್ಲಿ ಮೈಯನ್ನು ಹಿಂದಕ್ಕೆ ತಳ್ಳಿ ಕೂರುವುದಕ್ಕೂ ಬಹಳ ಅಂತರವಿದೆ. ಬೇರೆ ರಾಜ್ಯದಲ್ಲಿರುವವರು ತಮ್ಮ ರಾಜ್ಯದ ನಿಯಮವನ್ನು ಮೊದಲು ಓದಿ, ಆಮೇಲೆ ಅಂಗಡಿಗೆ ಹೋಗಬೇಕು.

ಒಂದು ವಿಷಯವನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹದಿನಾರು ತುಂಬದವರು ಎಟಿವಿ ಓಡಿಸಲೇಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ನಾನೂ ನನ್ನ ಪತ್ನಿಯೂ ಇದನ್ನು ಓದಿ ಒಂದು ವಾರ ಸುಮ್ಮನಾಗಿದ್ದೆವು. ಕೊನೆಗೆ ನಾವು ಕೊಳ್ಳಲು ಒಪ್ಪಿದ್ದು ಕೆಲವು ಷರತ್ತುಗಳ ಮೇಲೆ: ನಮ್ಮಿಬ್ಬರಲ್ಲಿ ಒಬ್ಬರು ಕಣ್ಣೆದುರು ಇರಬೇಕು, ಗಾಡಿಯ ಕೀಲಿ ನಮ್ಮ ಬಳಿಯೇ ಇರಬೇಕು, ಸ್ನೇಹಿತರ ಜಮೀನಿನ ಬೇಲಿ ದಾಟಬಾರದು. ಈ ಮೂರರಲ್ಲಿ ಒಂದನ್ನಾದರೂ ಪಾಲಿಸಲಾಗದ ಮನೆಯವರು ವೈದ್ಯರ ಮಾತನ್ನೇ ಕೇಳುವುದು ಒಳ್ಳೆಯದು ಎಂದು ಮನಃಪೂರ್ವಕವಾಗಿ ಹೇಳುತ್ತೇನೆ.

ಅಳತೆ ನೋಡುವ ಕ್ರಮ ಇಲ್ಲಿನ ತರಬೇತುದಾರರಿಗೆಲ್ಲ ಬಾಯಿಪಾಠ. ನಮಗೆ ಅದನ್ನು ಕಲಿಸಿದವರು ಎರಡನೆಯ ಅಂಗಡಿಯ ಹಿರಿಯ ಮೆಕ್ಯಾನಿಕ್ ಒಬ್ಬರು. ಮಗಳನ್ನು ಫುಟ್‌ರೆಸ್ಟ್ ಮೇಲೆ ನೆಟ್ಟಗೆ ನಿಲ್ಲಲು ಹೇಳಿ, ಸೀಟಿಗೂ ಅವಳ ಕಾಲುಗಳ ಸಂದಿಗೂ ನಡುವೆ ಟೇಪು ಹಿಡಿದರು. ಅಲ್ಲಿ ಮೂರರಿಂದ ಆರು ಇಂಚು ಜಾಗವಿರಬೇಕು. ಅದಕ್ಕಿಂತ ಕಡಿಮೆಯಾದರೆ ಉಬ್ಬುತಗ್ಗಿನಲ್ಲಿ ಎದ್ದು ನಿಂತಾಗ ಸೀಟು ಕೆಳಗಿನಿಂದ ಗುದ್ದುತ್ತದೆ. ಆಮೇಲೆ ಕೂರಿಸಿದರು. ತೊಡೆ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಮೊಣಕಾಲು ಸೊಂಟಕ್ಕಿಂತ ತೀರ ಮೇಲೆದ್ದರೆ ಗಾಡಿ ಚಿಕ್ಕದು, ಕಾಲು ಜೋತುಬಿದ್ದರೆ ದೊಡ್ಡದು. ಮೂರನೆಯದಾಗಿ ಕೈಯನ್ನು ಹ್ಯಾಂಡಲ್ ಮೇಲಿಟ್ಟು ಬೆರಳುಗಳನ್ನು ಮುಂದಕ್ಕೆ ಚಾಚಲು ಹೇಳಿದರು. ನಡುಬೆರಳಿನ ತುದಿಯ ಮೊದಲ ಗೆಣ್ಣು ಬ್ರೇಕ್ ಲಿವರಿನ ಆಚೆ ಹೋಗಬೇಕು, ಇಲ್ಲದಿದ್ದರೆ ಗಾಬರಿಯಲ್ಲಿ ಲಿವರ್ ಕೈಗೆ ಸಿಗುವುದಿಲ್ಲ. ಕೊನೆಗೆ ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿದಾಗ ಮೊಣಕೈ ಸ್ವಲ್ಪ ಬಾಗಿಯೇ ಇರಬೇಕು, ಹ್ಯಾಂಡಲಿನ ತುದಿ ಮೊಣಕಾಲಿಗೆ ತಾಗಬಾರದು. ಇಷ್ಟೂ ಪರೀಕ್ಷೆಗೆ ಹಿಡಿದದ್ದು ಐದು ನಿಮಿಷ. ಮೊದಲ ಅಂಗಡಿಯವರು ತೋರಿಸಿದ ಗಾಡಿ ಈ ನಾಲ್ಕರಲ್ಲಿ ಒಂದನ್ನೂ ದಾಟುತ್ತಿರಲಿಲ್ಲ. ಹೋಂಡಾದಲ್ಲಿ ನಿಂತಾಗ ಮೂರೂವರೆ ಇಂಚು ಜಾಗ ಸಿಕ್ಕಿತು, ಬೆರಳಿನ ಗೆಣ್ಣು ಲಿವರನ್ನು ಸಲೀಸಾಗಿ ದಾಟಿತು.

ನಮ್ಮ ಮುಂದಿದ್ದ ಇನ್ನೊಂದು ಮುಖ್ಯ ಆಯ್ಕೆ ಪೊಲಾರಿಸ್ ಔಟ್‌ಲಾ 110. ಅದೂ ಹತ್ತು ಮೇಲ್ಪಟ್ಟವರ ವರ್ಗದ್ದು. ಅದರಲ್ಲಿ ಗೇರ್ ಬದಲಿಸುವ ಕೆಲಸವಿಲ್ಲ, ರಿವರ್ಸ್ ಇದೆ, ಇಂಧನ ಇಂಜೆಕ್ಷನ್ ಇರುವುದರಿಂದ ಚಳಿಯ ಬೆಳಿಗ್ಗೆ ಗುಂಡಿ ಒತ್ತಿದರೆ ಸಾಕು. ಯಮಹಾದ ರಾಪ್ಟರ್ 90 ಕೂಡ ಗೇರಿಲ್ಲದ ಒಳ್ಳೆಯ ಗಾಡಿಯೇ. ಮೊದಲ ಬಾರಿ ಓಡಿಸುವ, ಸ್ವಲ್ಪ ಅಂಜುವ ಸ್ವಭಾವದ ಹತ್ತು ವರ್ಷದ ಮಗುವಿಗಾದರೆ ನಾನು ಔಟ್‌ಲಾ ಕಡೆಗೇ ಕೈ ತೋರಿಸುತ್ತಿದ್ದೆ. ಗಮನವೆಲ್ಲ ಆಕ್ಸಿಲರೇಟರ್, ಬ್ರೇಕ್, ದಾರಿ ಈ ಮೂರರ ಮೇಲಿದ್ದರೆ ಸಾಕಾಗುತ್ತದೆ.

ನಮ್ಮ ಮಗಳು ಬೇರೆ ಬಗೆಯವಳು. ಗೇರಿಲ್ಲದ ಗಾಡಿಯಲ್ಲಿ ಒಂದು ಸುತ್ತು ಹೊಡೆದು ಬಂದವಳು ಹೆಬ್ಬೆರಳಿನಿಂದ ಒತ್ತುವ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದೇ ಇದ್ದಳು ಎಂಬುದನ್ನು ನನ್ನ ಪತ್ನಿ ಗಮನಿಸಿದರು. ಹೋಂಡಾದಲ್ಲಿ ನಾಲ್ಕು ಗೇರುಗಳಿವೆ. ಕ್ಲಚ್ ಲಿವರ್ ಇಲ್ಲ, ಎಡಗಾಲಿನಿಂದ ಗೇರ್ ಹಾಕಿದರೆ ಕ್ಲಚ್ ತಾನಾಗಿ ಕೆಲಸ ಮಾಡುತ್ತದೆ. ಹಿಂದೆ ನಮ್ಮಲ್ಲಿ ಹೀರೋ ಹೋಂಡಾ ಸ್ಟ್ರೀಟ್ ಬೈಕ್ ಓಡಿಸಿದವರಿಗೆ ಈ ಏರ್ಪಾಡು ಚೆನ್ನಾಗಿ ಗೊತ್ತಿರುತ್ತದೆ. ಗೇರ್ ಇದ್ದುದರಿಂದ ಅವಳ ಓಟದಲ್ಲಿ ಒಂದು ಯೋಚನೆ ಬಂತು. ತಿರುವಿಗೆ ಮೊದಲು ಎರಡಕ್ಕಿಳಿಸಬೇಕು, ಇಳಿಜಾರಿನಲ್ಲಿ ಒಂದರಲ್ಲಿರಬೇಕು, ಎಂಜಿನ್ನಿನ ಸದ್ದು ಕೇಳಿ ಬದಲಿಸಬೇಕು. ಮೊದಲ ಎರಡು ವಾರ ಎರಡನೆಯ ಗೇರಿನಲ್ಲೇ ಹೊರಟು ಗಾಡಿಯನ್ನು ನರಳಿಸಿದಳು, ಮೂರನೆಯ ವಾರಕ್ಕೆ ಕಾಲು ತಾನಾಗಿ ಚಲಿಸತೊಡಗಿತು.

86 ಸಿಸಿಯ, ಗಾಳಿಯಿಂದ ತಣಿಯುವ ಈ ಎಂಜಿನ್ ಮೃದುವಾಗಿ ಎಳೆಯುತ್ತದೆ, ಹಠಾತ್ತನೆ ಜಿಗಿಯುವುದಿಲ್ಲ. ಚಿಕ್ಕವರ ಗಾಡಿಗೆ ಇದಕ್ಕಿಂತ ದೊಡ್ಡ ಗುಣ ಬೇಡ. ಇದರಲ್ಲಿ ಕಾರ್ಬ್ಯುರೇಟರ್ ಇರುವುದರಿಂದ ಏಪ್ರಿಲ್ ತಿಂಗಳ ಚಳಿಯಲ್ಲಿ ಚೋಕ್ ಎಳೆದು, ಒಂದೆರಡು ನಿಮಿಷ ಬಿಸಿಯಾಗಲು ಬಿಡಬೇಕು. ಆ ಹೊತ್ತಿನಲ್ಲಿ ಮಗಳು ಟೈರು, ಕೇಬಲ್ಲು, ಸ್ವಿಚ್ಚು, ಎಣ್ಣೆ, ಚೈನು, ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಂಡಿದ್ದಾಳೆ. ಡ್ರಮ್ ಬ್ರೇಕುಗಳು ಈ ವೇಗಕ್ಕೆ ಸಾಕು. ನಿಜವಾದ ಕೊರತೆಯೆಂದರೆ ರಿವರ್ಸ್ ಇಲ್ಲದಿರುವುದು. ಪೈನ್ ಮರಗಳ ನಡುವೆ ದಾರಿ ತಪ್ಪಿ ನುಗ್ಗಿದರೆ ಇಳಿದು, ನ್ಯೂಟ್ರಲ್‌ಗೆ ಹಾಕಿ, ಹಿಂದಕ್ಕೆ ಎಳೆಯಬೇಕು. ನೂರು ಕೆ.ಜಿ.ಗೂ ಮೀರಿದ ಗಾಡಿಯನ್ನು ಸಮತಟ್ಟು ನೆಲದಲ್ಲಿ ಅವಳು ಹೇಗೋ ಎಳೆಯುತ್ತಾಳೆ, ಏರಿನಲ್ಲಿ ಸಾಧ್ಯವಿಲ್ಲ. ಕಾಡಿನ ಇಕ್ಕಟ್ಟು ದಾರಿಯಲ್ಲೇ ಹೆಚ್ಚು ಓಡಿಸುವವರು ಇದನ್ನು ಗಂಭೀರವಾಗಿ ಯೋಚಿಸಬೇಕು.

ಮೊದಲ ತಿಂಗಳಲ್ಲಿ ನಮ್ಮನ್ನು ಬೆಚ್ಚಿಸಿದ ಘಟನೆಯೊಂದು ನಡೆಯಿತು. ಹುಲ್ಲುಗಾವಲಿನಿಂದ ಸ್ನೇಹಿತರ ಮನೆಯ ಮುಂದಿನ ಡಾಂಬರು ಹಾಸಿದ ಅಂಗಳಕ್ಕೆ ಬಂದವಳು, ಮಣ್ಣಿನಲ್ಲಿ ತಿರುಗುವ ವೇಗದಲ್ಲೇ ಅಲ್ಲೂ ತಿರುಗಿದಳು. ಒಳಗಿನ ಹಿಂಚಕ್ರ ಒಂದು ಗೇಣು ಮೇಲೆದ್ದು, ಗಾಡಿ ಹೊರಗಡೆಗೆ ವಾಲಿ, ಮತ್ತೆ ಧಡಕ್ಕನೆ ನೆಲಕ್ಕೆ ಕೂತಿತು. ಅವಳು ಬೀಳಲಿಲ್ಲ. ಇದು ಗಾಡಿಯ ದೋಷವಲ್ಲ, ಈ ಜಾತಿಯ ಗಾಡಿಗಳ ರಚನೆಯೇ ಹಾಗೆ. ಕಾರಿನಲ್ಲಿ ಡಿಫರೆನ್ಶಿಯಲ್ ಇರುವುದರಿಂದ ತಿರುವಿನಲ್ಲಿ ಒಳಚಕ್ರ ನಿಧಾನಕ್ಕೂ ಹೊರಚಕ್ರ ಜೋರಾಗಿಯೂ ಉರುಳುತ್ತವೆ. ಇಲ್ಲಿ ಎರಡೂ ಹಿಂಚಕ್ರಗಳು ಒಂದೇ ಗಟ್ಟಿ ಆಕ್ಸಲ್ಲಿಗೆ ಬಿಗಿದಿರುತ್ತವೆ. ಒಂದೇ ವೇಗದಲ್ಲಿ ಉರುಳುವ ಅವು ತಿರುವಿನಲ್ಲಿ ಸ್ವಲ್ಪವಾದರೂ ಜಾರಲೇಬೇಕು. ಮಣ್ಣು, ಮರಳು, ಹುಲ್ಲು ಜಾರಗೊಡುತ್ತವೆ, ಡಾಂಬರು ಗಟ್ಟಿಯಾಗಿ ಹಿಡಿಯುತ್ತದೆ, ಹಿಡಿದಾಗ ಗಾಡಿ ಎತ್ತಿ ಹಾಕುತ್ತದೆ. ಡಾಂಬರು ರಸ್ತೆಗೆ ಇಳಿಯಬೇಡಿ ಎಂದು ಪಾಠದಲ್ಲಿ ಹೇಳುವುದಕ್ಕೆ ಎದುರು ಬರುವ ಕಾರುಗಳಷ್ಟೇ ಕಾರಣವಲ್ಲ ಎಂಬುದು ನಮಗೆ ಅಂದು ಕಣ್ಣಾರೆ ತಿಳಿಯಿತು. ಮರುವಾರ ಹುಲ್ಲಿನ ಮೇಲೆ ನಾಲ್ಕು ಬಕೆಟ್ ಬೋರಲಿಟ್ಟು, ತಿರುಗುವಾಗ ಮೈಯನ್ನು ಒಳಮಗ್ಗುಲಿಗೆ ಸರಿಸಿ ಕೂರುವುದನ್ನು ಒಂದು ಗಂಟೆ ಅಭ್ಯಾಸ ಮಾಡಿಸಿದೆ. ಎಟಿವಿ ಓಡಿಸುವುದೆಂದರೆ ಕೂತಿರುವುದಲ್ಲ, ಮೈಯಿಂದಲೇ ತೂಗಿಸುವುದು. ಗಾಡಿ ದೊಡ್ಡದಾದಷ್ಟೂ ಪುಟ್ಟ ಮೈಯ ಈ ತೂಗಾಟಕ್ಕೆ ಬೆಲೆ ಕಡಿಮೆಯಾಗುತ್ತದೆ.

ಆಕ್ಸಿಲರೇಟರಿನ ಬಳಿ ಇರುವ ಒಂದು ಪುಟ್ಟ ಸ್ಕ್ರೂ ಬಗ್ಗೆಯೂ ಹೇಳಬೇಕು. ಅದನ್ನು ಒಳಕ್ಕೆ ತಿರುಗಿಸಿದಷ್ಟೂ ಹೆಬ್ಬೆರಳು ಒತ್ತಬಹುದಾದ ದೂರ ಕಡಿಮೆಯಾಗುತ್ತದೆ. ಗಾಡಿ ಬಂದಾಗ ಇದ್ದ ಬಿಗಿಯಲ್ಲೇ ಇಡೀ ಬೇಸಿಗೆ ಕಳೆಯಿತು. ಸೆಪ್ಟೆಂಬರ್‌ನಲ್ಲಿ ಅವಳು ತಿರುವು, ಇಳಿಜಾರು, ತುರ್ತು ಬ್ರೇಕು ಮೂರನ್ನೂ ತಪ್ಪಿಲ್ಲದೆ ಮಾಡಿ ತೋರಿಸಿದ ಮೇಲೆ ಒಂದು ಸುತ್ತು ಸಡಿಲಿಸಿದೆವು. ಪೂರ್ತಿ ಸಡಿಲಿಸುವ ಮಾತನ್ನು ಇನ್ನೂ ಆಡಿಲ್ಲ.

ಸೀಟು ಉದ್ದವಾಗಿರುವುದನ್ನು ಕಂಡು ತಮ್ಮನನ್ನು ಹಿಂದೆ ಕೂರಿಸಿಕೊಳ್ಳಬಹುದೆಂದು ಅವಳಿಗೆ ಅನ್ನಿಸಿತ್ತು, ಅವನಿಗಂತೂ ಹಾಗೆ ಅನ್ನಿಸದ ದಿನವಿಲ್ಲ. ಆ ಉದ್ದ ಇರುವುದು ಒಬ್ಬರೇ ಹಿಂದೆ ಮುಂದೆ ಸರಿಯಲಿಕ್ಕೆ, ಇಬ್ಬರು ಕೂರಲಿಕ್ಕಲ್ಲ. ಹಿಂದೆ ಒಬ್ಬರು ಕೂತರೆ ಏರಿನಲ್ಲಿ ಮುಂಚಕ್ರ ಎದ್ದು ಗಾಡಿ ಹಿಮ್ಮುಖವಾಗಿ ಮಗುಚಬಹುದು. ಊರಿನಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನು ನೋಡುತ್ತಲೇ ಬೆಳೆದ ನನ್ನಂಥವರಿಗೆ ಈ ನಿಯಮ ಅತಿಯೆನಿಸಬಹುದು. ಹಾಗೆ ಕೂತು ಜಾರಿಬಿದ್ದ ಹುಡುಗನೊಬ್ಬನನ್ನು ಚಿಕ್ಕಂದಿನಲ್ಲಿ ಕಂಡಿದ್ದ ನನಗೆ ಹಾಗೆನಿಸಲಿಲ್ಲ. ಮಗನಿಗೆ ಹನ್ನೆರಡು ತುಂಬುವವರೆಗೆ ಸೈಕಲ್ಲೇ ಗತಿ.

ಬೆಲೆಯ ವಿಷಯ. ಈ ವರ್ಗದ ಹೊಸ ಗಾಡಿಗಳು ಸುಮಾರು 3,000ದಿಂದ 4,000 ಡಾಲರಿನ ಆಸುಪಾಸಿನಲ್ಲಿವೆ. ಸಾಗಾಟ, ಜೋಡಣೆ ಎಂದು ಡೀಲರುಗಳು ಸೇರಿಸುವ ಮೊತ್ತವನ್ನು ಮೊದಲೇ ಕೇಳಿ ತಿಳಿಯಬೇಕು. ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಗುರುತಿನ, ಮಗುವಿನ ತಲೆಗೆ ಬಿಗಿಯಾಗಿ ಕೂರುವ ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್, ಗ್ಲೌಸ್, ಹಿಮ್ಮಡಿ ಮುಚ್ಚುವ ಬೂಟು, ಉದ್ದ ತೋಳಿನ ಅಂಗಿ, ಇವನ್ನು ಗಾಡಿಯ ಬೆಲೆಯ ಭಾಗವೆಂದೇ ಲೆಕ್ಕಹಾಕಬೇಕು. ಹೆಲ್ಮೆಟ್ ಮಾತ್ರ ಬೆಳೆಯುವ ಮಕ್ಕಳ ಲೆಕ್ಕದಲ್ಲಿ ಕೊಳ್ಳುವ ವಸ್ತುವಲ್ಲವೇ ಅಲ್ಲ. ಇನ್ನೊಂದು ಸಣ್ಣ ಖರ್ಚು: ಈ ಟೈರುಗಳಲ್ಲಿ ಗಾಳಿ ಕೆಲವೇ ಪಿಎಸ್‌ಐ ಇರುತ್ತದೆ, ಕಾರಿನ ಗೇಜು ಅಷ್ಟು ಕಡಿಮೆಯನ್ನು ಸರಿಯಾಗಿ ತೋರಿಸುವುದಿಲ್ಲ. ಕಡಿಮೆ ಒತ್ತಡ ಅಳೆಯುವ ಗೇಜನ್ನೇ ತರಬೇಕು.

ಖರ್ಚು ಉಳಿಸಲು ಹೊರಟವರಿಗೆ ಹಳೆಯ ಗಾಡಿ ಒಳ್ಳೆಯ ದಾರಿ, ಹೆಸರಿಲ್ಲದ ಅಗ್ಗದ ಹೊಸ ಗಾಡಿ ಕೆಟ್ಟ ದಾರಿ. ಇಲ್ಲಿ ಎಟಿವಿ ಮಾರುವ ಪ್ರತಿ ತಯಾರಕರೂ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ಸುರಕ್ಷತಾ ಯೋಜನೆ ಸಲ್ಲಿಸಿ ಒಪ್ಪಿಗೆ ಪಡೆದಿರಬೇಕು. ಆನ್‌ಲೈನಿನಲ್ಲಿ ಡಬ್ಬದಲ್ಲಿ ಬರುವ ಕೆಲವು ಗಾಡಿಗಳಿಗೆ ಅದು ಇರುವುದಿಲ್ಲ, ಅಂಥವುಗಳ ಮೇಲೆ ಆಯೋಗ ಎಚ್ಚರಿಕೆಗಳನ್ನು ಹೊರಡಿಸುತ್ತಲೇ ಇದೆ. ನಮ್ಮ ಪರಿಚಿತರೊಬ್ಬರು ಹಾಗೆ ತರಿಸಿದ್ದರಲ್ಲಿ ವಯಸ್ಸಿನ ಸ್ಟಿಕ್ಕರೂ ಇರಲಿಲ್ಲ, ಹ್ಯಾಂಡಲ್ ತಿರುಗಿಸಿದರೆ ಬ್ರೇಕ್ ಕೇಬಲ್ ಬಿಗಿಯುತ್ತಿತ್ತು. ಅವರು ಅದನ್ನು ಮಗುವಿಗೆ ಕೊಡಲೇ ಇಲ್ಲ. ಮಕ್ಕಳು ಬೇಗ ಬೆಳೆಯುವುದರಿಂದ ಒಳ್ಳೆಯ ಕಂಪನಿಯ ಹಳೆಯ ಗಾಡಿಗಳು ಸಾಕಷ್ಟು ಸಿಗುತ್ತವೆ. ನೋಡಲು ಹೋದಾಗ ಆಕ್ಸಿಲರೇಟರ್ ಒತ್ತಿ ಬಿಡಿ, ಅದು ಟಕ್ಕನೆ ಹಿಂದಕ್ಕೆ ಬರಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ, ಆಟ ಕಂಡರೆ ಬೇರಿಂಗ್ ಸವೆದಿದೆ. ಹಿಂಚಕ್ರ ಎತ್ತಿ ತಿರುಗಿಸಿ, ಓಲಾಡಿದರೆ ಆಕ್ಸಲ್ ಬಾಗಿದೆ. ವೇಗ ತಡೆಯುವ ಸ್ಕ್ರೂ ಇದೆಯೇ, ಯಾರಾದರೂ ಕಿತ್ತೆಸೆದಿದ್ದಾರೆಯೇ ಎಂಬುದನ್ನು ತಪ್ಪದೆ ನೋಡಿ.

ನವೆಂಬರ್‌ನಲ್ಲಿ ಕಾರ್ಬ್ಯುರೇಟರಿನ ಪೆಟ್ರೋಲ್ ಇಳಿಸಿ, ಬ್ಯಾಟರಿ ತೆಗೆದು ಒಳಗಿಟ್ಟು, ಗಾಡಿಗೆ ಹೊದಿಕೆ ಹಾಕಿದೆವು. ಪೆಟ್ರೋಲ್ ಹಾಗೇ ಬಿಟ್ಟರೆ ಐದು ತಿಂಗಳ ಚಳಿಯಲ್ಲಿ ಅದು ಅಂಟಾಗಿ, ಪೆಟ್ರೋಲ್ ಹಾಯುವ ಸಣ್ಣ ತೂತಾದ ಜೆಟ್ ಕಟ್ಟಿಕೊಳ್ಳುತ್ತದೆ. ಈ ಏಪ್ರಿಲ್‌ನಲ್ಲಿ ಹೊದಿಕೆ ತೆಗೆದು, ಮಗಳನ್ನು ಫುಟ್‌ರೆಸ್ಟ್ ಮೇಲೆ ನಿಲ್ಲಿಸಿ ಮತ್ತೆ ಟೇಪು ಹಿಡಿದೆ. ಮೂರೂವರೆ ಇದ್ದದ್ದು ಐದಕ್ಕೆ ಬಂದಿದೆ. ಪೂರ್ತಿ ತಿರುಗಿಸಿದ ಹ್ಯಾಂಡಲಿಗೂ ಅವಳ ಮೊಣಕಾಲಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಇನ್ನೂ ಇದೆ. ಈ ವರ್ಷ ಇದೇ ಗಾಡಿ ಸಾಕು. ಮುಂದಿನ ಏಪ್ರಿಲ್‌ನಲ್ಲಿ ಟೇಪು ಆರು ಇಂಚು ದಾಟಿದರೆ ಇದನ್ನು ಮಾರಿ, ಹದಿನಾಲ್ಕರ ವರ್ಗದ ಗಾಡಿಗಳ ಮೇಲೆ ಅವಳನ್ನು ಕೂರಿಸಿ ನೋಡುವುದೆಂದು ಮಾತಾಗಿದೆ. ಅಷ್ಟರಲ್ಲಿ ಮಗನಿಗೆ ಹತ್ತು ತುಂಬಿರುತ್ತದೆ, ಆದರೆ ಸ್ನೇಹಿತರ ಜಮೀನಿನಲ್ಲಿ ಓಡಿಸಲು ಅವನಿಗೂ ಹನ್ನೆರಡೇ ಆಗಬೇಕು. ಅವನಿಗಾಗಿ ಇದನ್ನು ಎತ್ತಿಡಬೇಕೇ ಬೇಡವೇ ಎಂಬುದನ್ನು ಅವನ ಅಂದಿನ ಎತ್ತರ ನೋಡಿಯೇ ತೀರ್ಮಾನಿಸುತ್ತೇವೆ.